ಉಪಗ್ರಹದ ಕಣ್ಣಲ್ಲಿ ನಾನು ಗೈರುಹಾಜರು

ತಾನು ಎಲ್ಲಿದ್ದೇನೆ ಎಂಬುದು ಯಾರಿಗಾದರೂ ಗೊತ್ತಿರಲಿ ಎಂಬ ಆಸೆ ಒಂಟಿ ಮನುಷ್ಯನಿಗೆ ಇದ್ದೇ ಇರುತ್ತದೆ. ಹೆಂಡತಿ ಇದ್ದಾಗ ನಾನು ಹತ್ತು ನಿಮಿಷ ತಡವಾಗಿ ಬಂದರೂ "ಎಲ್ಲಿದ್ರಿ?" ಎಂದು ಬಾಗಿಲಲ್ಲೇ ವಿಚಾರಣೆ ನಡೆಸುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಈಗ ಆ ವಿಚಾರಣೆಯನ್ನು ಒಂದು ಉಪಗ್ರಹ ವಹಿಸಿಕೊಂಡಿದೆ.

ನಾನು ನಿಡಗುಂದಿ ಕಡೆಯ ಹಳ್ಳಿಯೊಂದರ ವಿಜ್ಞಾನದ ಮಾಸ್ತರ. ನಮ್ಮ ಹಾಜರಿ ಈಗ ಫೋನಿನಲ್ಲಿ. ಶಾಲೆಯ ಜಾಗದಲ್ಲಿ ನಿಂತು ಒತ್ತಿದರೆ ಮಾತ್ರ ಉಪಗ್ರಹ ಒಪ್ಪುತ್ತದೆ. ಆದರೆ ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದು ಊರಾಚೆಯ ಕಾಲುವೆ ಏರಿಯ ಮೇಲೆ ಮಾತ್ರ. ಶಾಲೆಯ ಜಾಗ ದಾಖಲಿಸುವ ದಿನ ನಮ್ಮ ಹೆಡ್ ಮಾಸ್ತರರು ಏರಿ ಹತ್ತಿ, ಅಲ್ಲೇ ಗುಂಡಿ ಒತ್ತಿ ಬಂದುಬಿಟ್ಟರು. ಅಂದಿನಿಂದ ಬಾಹ್ಯಾಕಾಶದ ಪ್ರಕಾರ ನಮ್ಮ ಶಾಲೆ ಏರಿಯ ಮೇಲಿನ ಜಾಲಿ ಗಿಡದ ಬುಡದಲ್ಲಿತ್ತು. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದ ನನಗೆ ಗೈರುಹಾಜರಿಯ ನೋಟಿಸು ಬಂತು. ಇನ್ನೊಮ್ಮೆ ಹೀಗಾದರೆ ಅಮಾನತು. ಹೆದರಿ, ದಿನಾ ಮೊದಲು ಏರಿ ಹತ್ತಿ ಹಾಜರಾಗಿ, ಆಮೇಲೆ ಶಾಲೆಗೆ ಹೋಗತೊಡಗಿದೆ.

ಏರಿಯ ಮೇಲೆ ಆಡು ಮೇಯಿಸುವ ಮಲ್ಲವ್ವ ಸಿಗುತ್ತಿದ್ದಳು. ಸಿಂದಗಿಗೆ ಕೊಟ್ಟ ಮಗಳಿಗೆ ಫೋನ್ ಮಾಡಲು ಮುದುಕಿಯೂ ಅಲ್ಲಿಗೇ ಹತ್ತಬೇಕು.

"ಮಾಸ್ತರ, ಮ್ಯಾಲಿಂದ ಆ ಉಪಗ್ರಹಕ್ಕ ಎಲ್ಲಾ ಕಾಣ್ತೈತೇನ್ರಿ?"

"ಎಲ್ಲಾ ಕಾಣ್ತೈತಿ ಅಂತಾರವ್ವಾ."

"ಮತ್ತ ನಾ ಮೊಣಕಾಲು ಹಿಡಕೊಂಡು ಏರಿ ಹತ್ತೋದು ಕಾಣಂಗಿಲ್ಲೇನ್ರಿ? ಬೆಂಗಳೂರ ಮ್ಯಾಲಷ್ಟ ತಿರಗತೈತೇನು?"

ಎಲ್ಲರ ತಲೆಯ ಮೇಲೂ ಸಮನಾಗಿ ಹಾಯುತ್ತದೆ ಎಂದು ಪಾಠ ಮಾಡಿದೆ.

"ಹಾಯ್ತೈತಿ ಖರೆ, ನಮ್ಮೂರಾಗ ನಿಲ್ಲಂಗಿಲ್ಲ. ಹೈವೇ ಬಸ್ಸಿನಂಗ," ಎಂದು ಆಡಿನ ಹಿಂದೆ ಹೋದಳು. ಶಾಲೆಯ ಮಾತು ಬಿಟ್ಟರೆ, ಇಡೀ ದಿನದಲ್ಲಿ ನನ್ನ ಮಾತುಕತೆ ಎಂದರೆ ಅಷ್ಟೇ.

ಆದರೂ ಬುದ್ಧಿವಂತನಲ್ಲವೇ, ತಾಲ್ಲೂಕಿಗೆ ಅರ್ಜಿ ಬರೆದೆ. ಮೂರು ಪುಟ, ಸಮಾನತೆ, ಹಳ್ಳಿಯ ಹಕ್ಕು ಎಲ್ಲ ಬಂದವು. ಜಾಗ ತಿದ್ದಿಕೊಟ್ಟರು. ಶಾಲೆಯಲ್ಲೇ ಒತ್ತಿ, ತಾಲ್ಲೂಕಿಗೆ ಹೋಗಿ ನೆಟ್‌ವರ್ಕ್ ಸಿಕ್ಕಾಗ ಕಳಿಸುವ ಸವಲತ್ತೂ ಬಂತು; ದಿನಾ ಏರಿ ಹತ್ತುವುದು ತಪ್ಪಿತು. ಮಲ್ಲವ್ವನ ಫೋನಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ ಎಂಬುದು ಹೊಳೆದದ್ದು ಆಮೇಲೆ. ಗೆದ್ದ ಖುಷಿ ಮೂರು ದಿನ ಇತ್ತು. ನಾಲ್ಕನೆಯ ದಿನದಿಂದ ಬೆಳಗು ಬಿಕೋ ಎನ್ನತೊಡಗಿತು.

ಮೊನ್ನೆ ಭಾನುವಾರ ತಡೆಯಲಾರದೆ ಏರಿ ಹತ್ತಿದೆ. ಮಲ್ಲವ್ವ ಅಲ್ಲೇ ಇದ್ದಳು.

"ನಿಮ್ಮ ಕೆಲಸ ಆತಲ್ರೀ ಮಾಸ್ತರ, ಈಗ್ಯಾಕ ಬಂದ್ರಿ?"

ಫೋನ್ ತೆಗೆದು ಹಾಜರಿ ಒತ್ತಿದೆ. 'ನೀವು ಶಾಲೆಯಲ್ಲಿಲ್ಲ' ಎಂದಿತು. ಏರಿಯ ಮೇಲೆ ಅದು ಮೊದಲ ಸಲ ನಿಜ ಹೇಳಿತ್ತು. 'ಮತ್ತೆ ಎಲ್ಲಿದ್ದೀರಿ?' ಎಂದು ಮಾತ್ರ ಕೇಳಲಿಲ್ಲ.