ಮಾವನ ಮಿದುಳಿನ ಕೊನೆ ಗದ್ದೆ

ಸ್ವಲ್ಪ ತಾಳಿ, ಪುಟ ಮಗುಚಬೇಡಿ. ಇಂಥ ವಿಷಯ ನಿಮಗೆ ಸುಲಭಕ್ಕೆ ಸಿಗುವುದಿಲ್ಲ. ನಾನು ಡಾಕ್ಟರ್ ಅಲ್ಲ. ಗುಬ್ಬಿಯಲ್ಲಿ ಬಿ.ಕಾಂ. ಮುಗಿಸಿ, ತುಮಕೂರಿನ ಸೈಬರ್ ಕೆಫೆಯಲ್ಲಿ ಕೂತು ಎಂಆರ್‌ಐ ಕಲಿತವನು. ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕೇಳಿದವರಿಗೆ ಸೇರುತ್ತದೋ ಇಲ್ಲವೋ, ವಿಚಾರಿಸಿಲ್ಲ.

ಹೀಗಿರುವಾಗ ಕುಣಿಗಲ್ ಕಡೆಯ ನನ್ನ ಸೋದರಮಾವ ಶಿವಣ್ಣನಿಗೆ ಪದೇ ಪದೇ ತಲೆಸುತ್ತು ಬರತೊಡಗಿತು. ಅತ್ತೆ ಮೊಪೆಡ್ಡಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, "ಸ್ಕ್ಯಾನ್ ಆಗಿ ಡಾಕ್ಟ್ರು ಹೂಂ ಅನ್ನೋಗಂಟ ಗಾಡಿ ಮುಟ್ಟಂಗಿಲ್ಲ" ಅಂದುಬಿಟ್ಟರು. ಮಾವನಿಗೆ ಕಾಲೇ ಹೋದಂತಾಯಿತು. ಬೆಂಗಳೂರಿನ ಡಾಕ್ಟರು, ಮಿದುಳಿನ ಬಿಳಿ ಭಾಗದಲ್ಲಿ ರಕ್ತ ಎಷ್ಟು ಹರಿಯುತ್ತಿದೆ ಅಂತಲೂ ಅಳೆದುಬಿಡೋಣ ಎಂದರು. ನನಗೆ ಹಬ್ಬ.

ಬಸ್ಸಿನಲ್ಲೇ ಶುರುಮಾಡಿದೆ. "ಮಾವ, ಕತ್ತಿನ ಹತ್ರ ಹರಿಯೋ ರಕ್ತಕ್ಕೆ ಆಯಸ್ಕಾಂತದಲ್ಲೇ ಗುರುತು ಹಾಕ್ತಾರೆ. ಸ್ವಲ್ಪ ಕಾದು, ಅದು ಎಲ್ಲೆಲ್ಲಿಗೆ ಹೋಯ್ತು ಅಂತ ಫೋಟೋ ತೆಗೀತಾರೆ. ಮಿದುಳಿನ ಬೂದು ಭಾಗಕ್ಕೆ ಬೇಗ ಹೋಗುತ್ತೆ. ಬಿಳಿ ಭಾಗ ಮಾರ್ಕೋನಹಳ್ಳಿ ನಾಲೆಯ ಕೊನೆ ಗದ್ದೆ ಇದ್ದಂಗೆ. ಬರೋದು ಲೇಟು, ಬರೋದೂ ಕಮ್ಮಿ. ಅರ್ಜೆಂಟ್ ಮಾಡಿ ಫೋಟೋ ತೆಗೆದ್ರೆ ಒಣಗಿಹೋಗಿದೆ ಅನ್ಸುತ್ತೆ."

ಮಾವನ ಗದ್ದೆ ಇರುವುದೂ ನಾಲೆಯ ಕೊನೆಯಲ್ಲೇ. ಮುಖ ಬಿಗಿಯಿತು. "ಮ್ಯಾಲ್ಗಡೆ ಯಾವನ್ಲಾ ನೀರ್ ಕಟ್ಟವ್ನೆ?"

"ಯಾರೂ ಕಟ್ಟಿಲ್ಲ ಮಾವ, ಎಲ್ರ ತಲೇಲೂ ಹಂಗೇ."

"ಬುಡು ಬುಡು, ನಾಲೆ ಇಂಜಿನಿಯರೂ ಹಿಂಗೇ ಅಂದಿದ್ದ."

ಆಸ್ಪತ್ರೆಯಲ್ಲಿ ಟೆಕ್ನಿಶಿಯನ್ ಮಾವನ ಕೈಗೊಂದು ರಬ್ಬರ್ ಬಲ್ಬ್ ಕೊಟ್ಟು, "ಅಲ್ಲಾಡಬೇಡಿ, ತೀರಾ ತೊಂದರೆ ಆದ್ರೆ ಮಾತ್ರ ಇದನ್ನ ಒತ್ತಿ" ಎಂದ. ಟಕಟಕ ಸದ್ದು ನಡೆಯಿತು, ನಿಂತಿತು. ತಕ್ಷಣ ಬಲ್ಬಿನ ಗಂಟೆ ಬಡಿಯಿತು. ಟೆಕ್ನಿಶಿಯನ್ ಒಳಗೆ ಓಡಿದ.

"ಏನಾಯ್ತು ಯಜಮಾನ್ರೇ? ಉಸಿರು ಕಟ್ತಾ?"

"ಏನಿಲ್ಲ ಸಾರ್. ಕೊನೆ ಗದ್ದೆಗೆ ನೀರ್ ಹತ್ತಿತಾ ಅಂತ."

ಕೇಳುವ ಭರದಲ್ಲಿ ತಲೆಯನ್ನೂ ತಿರುಗಿಸಿದ್ದರು. ಅಳೆದದ್ದೆಲ್ಲ ಹಾಳು. ಟೆಕ್ನಿಶಿಯನ್ ಹೊರಗೆ ಬಂದು, "ಇವರಿಗೆ ಗದ್ದೆ ವಿಷಯ ಹೇಳಿದ್ದು ಯಾರ್ರೀ?" ಎಂದ. ನಾನು ಗೋಡೆಯ ಮೇಲಿನ 'ನಿಶ್ಶಬ್ದ' ಬೋರ್ಡನ್ನು ತುಂಬಾ ಗಮನವಿಟ್ಟು ಓದುತ್ತಿದ್ದೆ. ಅವನು ಮತ್ತೆ ಒಳಗೆ ಹೋಗಿ ಮಾವನ ಕಿವಿಯಲ್ಲಿ ಏನೋ ಹೇಳಿದ. ಮಾವ ಆಮೇಲೆ ಕಲ್ಲಿನ ಹಾಗೆ ಮಲಗಿದರು.

ಬಿಳಿ ಭಾಗದ ಹರಿವು ಸರಿಯಾಗಿಯೇ ಇತ್ತು. ತಲೆಸುತ್ತಿಗೆ ಕಾರಣ ಬಿಪಿ ಮಾತ್ರೆ. ಡಾಕ್ಟರು ಡೋಸ್ ಇಳಿಸಿದರು, ಕೆಲವೇ ದಿನಗಳಲ್ಲಿ ಕೀಲಿ ಸೆರಗಿನಿಂದ ಇಳಿಯಿತು. ಮೊಪೆಡ್ಡಿನ ಹಿಂದೆ ಕೂತು ಕೇಳಿದೆ: "ಅವತ್ತು ಅವನು ಕಿವೀಲಿ ಏನಂದ ಮಾವ?"

"'ಇನ್ನೊಂದ್ಸಲ ಅಲ್ಲಾಡಿದ್ರೆ ಆ ಹುಡುಗನ್ನ ಒಳಕ್ ಕಳಿಸ್ತೀನಿ' ಅಂದ ಕಣ್ಲಾ."

ನಿಮ್ಮ ಮನೆಯಲ್ಲೂ ಯಾರಾದರೂ ಸ್ಕ್ಯಾನಿಗೆ ಹೋಗಿ ಇಂಥದ್ದೇನಾದರೂ ಆಗಿದ್ದರೆ ದಯವಿಟ್ಟು ಬರೆದು ತಿಳಿಸಿ. ಅದು ಯಾಕೆ ಹಾಗಾಯಿತು ಅಂತ ವಿವರವಾಗಿ ಹೇಳೋಕೆ ನಾನಿದ್ದೇನೆ.