ಮಾಳಿಗೆಯ ಮೇಲೊಂದು ಗಾಳಿಯಂತ್ರ

ನಾನು ನರೇಗಲ್ಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ದಿನಾಲೂ ಗಜೇಂದ್ರಗಡದಿಂದ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಮೂರೇ ಮೂರು ರೆಕ್ಕೆ! ಅದರಲ್ಲಿ ಏನು ಮಹಾ ವಿದ್ಯೆ ಎಂದುಕೊಂಡೆ. ಅಲ್ಲೇ ಕೆಟ್ಟೆ.

ನನ್ನ ಹೆಂಡತಿ ಗೌರವ್ವ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಪಕ್ಕದ ಮನೆಯ ನೀಲಕ್ಕನ ಮಗಳ ಮದುವೆ ಸೀರೆಗೆ ಸೆರಗಷ್ಟೇ ಬಾಕಿ ಇತ್ತು. ಶುಕ್ರವಾರ ಕೊಡಲೇಬೇಕು. ರಾಟೆ ತಿರುಗಿಸಿ ಕಂಡಿಕೆಯ ಕೊಳವೆಗೆ ನೂಲು ಸುತ್ತಿ ಸುತ್ತಿ ಅವಳ ಭುಜ ಬಾತಿತ್ತು. ನನಗೆ ನಿಜಕ್ಕೂ ಕನಿಕರವಾಯಿತು. ರವಿವಾರ ತಗಡು ಕತ್ತರಿಸಿ ಮೂರು ರೆಕ್ಕೆ ಮಾಡಿ, ಸೈಕಲ್ ಗಾಲಿಗೆ ಬಿಗಿದು, ಮಾಳಿಗೆಯ ಮೇಲೆ ಕಂಬ ನೆಟ್ಟು ವಿಧ್ಯುಕ್ತವಾಗಿ ಪ್ರತಿಷ್ಠಾಪಿಸಿದೆ. ರಾಟೆಯನ್ನೂ ನೂಲನ್ನೂ ಮೇಲಕ್ಕೆ ಹೊತ್ತು, ಗಾಲಿಗೂ ರಾಟೆಗೂ ಹಗ್ಗ ಜೋಡಿಸಿದೆ.

ರೆಕ್ಕೆಗಳನ್ನು ಗಾಳಿಗೆ ಪೂರ್ತಿ ಎದುರಾಗಿ ಕೂಡಿಸಿದ್ದೆ. ಹೆಚ್ಚು ಗಾಳಿ ಬಡಿದರೆ ಹೆಚ್ಚು ತಿರುಗಬೇಕಲ್ಲವೇ? ಗಾಳಿ ಬಡಿಯಿತು. ಕಂಬ ಬಾಗಿತು. ರೆಕ್ಕೆ ಕದಲಲಿಲ್ಲ! ಆಮೇಲೆ ರೆಕ್ಕೆಯ ಅಂಚನ್ನೇ ಗಾಳಿಗೆ ಹಿಡಿದೆ. ಗಾಳಿ ನಮಸ್ಕಾರ ಹೇಳಿ ಪಕ್ಕದಿಂದ ಹೋಯಿತು. ಮೂರನೇ ಸಲ ಓರೆ ಮಾಡಿದೆ, ಆದರೆ ಎರಡನ್ನು ಬಲಕ್ಕೆ, ಒಂದನ್ನು ಎಡಕ್ಕೆ. ಆಸ್ತಿ ಹಂಚಿಕೊಳ್ಳುವ ಅಣ್ಣತಮ್ಮಂದಿರ ಹಾಗೆ ಮೂರೂ ಜಗ್ಗಾಡತೊಡಗಿದವು.

ಗೌರವ್ವ ಮೇಲೆ ಬಂದಳು. "ರೀ, ಮನಿಯಾಗಿನ ಫ್ಯಾನ್ ನೋಡಿಲ್ಲೇನು? ಮೂರೂ ರೆಕ್ಕಿ ಒಂದ ಕಡೆ ಸ್ವಲ್ಪ ಓರಿ ಅದಾವು."

ಇಪ್ಪತ್ತು ವರ್ಷ ಆ ಫ್ಯಾನಿನ ಕೆಳಗೆ ಅಂಗಾತ ಮಲಗಿದವನು ನಾನು!

ಅವಳು ಹೇಳಿದಂತೆ ತಿರುಚಿದೆ. ಯಂತ್ರ ಗಿರ್ರನೆ ತಿರುಗಿತು. ನನ್ನೊಳಗಿನ ಮಾಸ್ತರ ಎದ್ದು ನಿಂತ.

"ನೋಡು, ನಿಂತ ರೆಕ್ಕಿಗೆ ಗಾಳಿ ಎದುರಿಂದ ಬರತದ. ಅದು ತಿರುಗಾಕ ಹತ್ತಿದ ಮ್ಯಾಲೆ ಅದ ಗಾಳಿ ಓರಿ ಹಾಯತದ. ಅದಕ್ಕ ಕೋನ ಭಾಳ..."

"ಕೋನ ಇರಲಿ, ಮೊದಲ ರಾಟಿ ಹಿಡೀರಿ!"

ಹಿಡಿಯುವುದು ಹೇಗೆ? ನಿಲ್ಲಿಸುವ ವ್ಯವಸ್ಥೆಯನ್ನೇ ನಾನು ಮಾಡಿರಲಿಲ್ಲ! ಸೆರಗಿಗೆಂದು ಇಟ್ಟಿದ್ದ ಕೆಂಪು ರೇಷ್ಮೆಯೆಲ್ಲ ಹಾರಿ, ಗಾಲಿಗೆ, ಕಂಬಕ್ಕೆ, ನನ್ನ ಕನ್ನಡಕಕ್ಕೆ ಸುತ್ತಿಕೊಂಡಿತು. ಬೇರೆ ನೂಲು ಮನೆಯಲ್ಲಿರಲಿಲ್ಲ. ಗೌರವ್ವ ಬೈಯಲಿಲ್ಲ, ನನ್ನ ಕನ್ನಡಕದಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಶಾಲೆ ಬಿಟ್ಟ ತಕ್ಷಣ ಮನೆಗೆ ಓಡಿಬಂದು ಗಂಟು ಬಿಡಿಸುತ್ತ ಕುಳಿತೆ. ಬಿಡಿಸಿದಷ್ಟನ್ನು ಅವಳು ನೇಯ್ದಳು. ನೀಲಕ್ಕ ದಿನಾ ಬಾಗಿಲಲ್ಲಿ ಇಣುಕುತ್ತಿದ್ದಳು. "ಮಾಸ್ತರ, ಸೀರಿ ಎಲ್ಲಿಗೆ ಬಂತ್ರಿ?"

"ಸೆರಗಿಗೆ ಬಂದೈತ್ರಿ," ಎನ್ನುತ್ತಿದ್ದೆ. ನಾನಿನ್ನೂ ಗಂಟಿನಲ್ಲೇ ಇದ್ದೆ.

ಶುಕ್ರವಾರ ಮಧ್ಯಾಹ್ನ ಸೀರೆ ಮಗ್ಗದಿಂದ ಇಳಿಯಿತು. ನೀಲಕ್ಕ ಸೆರಗನ್ನು ಕಣ್ಣಿಗೊತ್ತಿಕೊಂಡಳು. "ಭಾಳ ಚಂದ ಆಗೇತಿ ಗೌರವ್ವ. ಮಾಸ್ತರೂ ಕೈ ಹಚ್ಚಿದ್ರಂತ?"

"ಹೌದಕ್ಕಾ. ಅವರು ಕೈ ಹಚ್ಚದಿದ್ರ ಬುಧವಾರನ ಮುಗೀತಿತ್ತು."

ಮನಸ್ಸಿನಲ್ಲೇ ಎಣಿಸಿ ನೋಡಿದೆ. ಪುಣ್ಯಾತ್ಗಿತ್ತಿ ಒಂದು ದಿನ ಮುಚ್ಚಿಟ್ಟು ನನ್ನ ಮರ್ಯಾದೆ ಉಳಿಸಿದ್ದಳು. ಮಂಗಳವಾರವೇ ಮುಗಿಯುತ್ತಿತ್ತು!