ಕಡೇ ಮನೆಗೆ ಮೊದಲ ಪಾಳಿ

ಇಂಟರ್‌ನೆಟ್ಟನ್ನು ಇಳಿಜಾರು ನೋಡಿ ಹರಿಸಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ. ಅವನು ನನ್ನ ಕಾಕಾ, ಅಪ್ಪನ ತಮ್ಮ! ನಂಬದವರು ಬೀಳಗಿಗೆ ಬಂದು ನಮ್ಮ ಮಾಳಿಗೆ ಹತ್ತಿ ನೋಡಬಹುದು. ನೀರಿನ ಟಾಕಿಯ ನೆತ್ತಿಯ ಮೇಲೆ ಅವನು ಕಟ್ಟಿದ ಗುಡಿಯಂಥ ಪುಟ್ಟ ಗೂಡು ಇನ್ನೂ ಇದೆ. ಅದರೊಳಗೆ ಇದ್ದದ್ದು ದೇವರಲ್ಲ, ರೌಟರ್.

ಕಾಕಾನ ತಲೆ ಅರ್ಥವಾಗಬೇಕಾದರೆ ಅವನ ನೌಕರಿ ಗೊತ್ತಿರಬೇಕು. ಸಾವಳಗಿ ಕಡೆಯ ಕಾಲುವೆಯಲ್ಲಿ ಗೇಟು ಎತ್ತಿ, ಹೊಲಗಳಿಗೆ ಪಾಳಿ ಪ್ರಕಾರ ನೀರು ಬಿಡುವುದು. ನಿವೃತ್ತನಾಗಿ ಬೀಳಗಿಗೆ ಬಂದ ಮೇಲೆ ಬಿಡಲು ನೀರಿಲ್ಲದೆ ಅವನ ಕೈ ಕಡಿಯುತ್ತಿತ್ತು. ಅಷ್ಟರಲ್ಲಿ ನಮ್ಮ ಮನೆಗೆ ಟೆಲಿಫೋನ್ ತಂತಿ ಹಿಡಿದು ಇಂಟರ್‌ನೆಟ್ ಬಂತು. ಸಂಪರ್ಕ ಒಂದು, ಸಾಲಿನಲ್ಲಿ ಮನೆ ಮೂರು. ಮೊದಲು ನಮ್ಮದು, ಆಮೇಲೆ ಕಾಕಾನದು, ಕಡೆಗೆ ಅತ್ತೆಯದು. ಅತ್ತೆ ಎಂದರೆ ಅಪ್ಪನಿಗೂ ಕಾಕಾನಿಗೂ ಅಕ್ಕ.

"ಮೂರೂ ಮನಿಗೆ ಹಂಚೂಣು," ಎಂದ ಕಾಕಾ. ಕಣ್ಣಲ್ಲಿ ಕಾಲುವೆ ಹರಿಯುತ್ತಿತ್ತು.

"ಅಲ್ಲೋ ಕಾಕಾ, ಡಬ್ಬಿ ಟಾಕಿ ಮ್ಯಾಲ ಯಾಕ?"

"ಎತ್ತರಕ್ಕಿದ್ರ ತಾನ ಹರದ ಹೋಗತೈತಿ."

"ಅದೇನ ನೀರೇನ?"

"ನೀ ಅದನ್ನ ಕಣ್ಣಿಲೇ ನೋಡಿಯೇನ? ಇಲ್ಲ. ಮತ್ತ ನೀರಲ್ಲ ಅಂತ ಹೆಂಗ ಹೇಳ್ತೀಲೇ ವಕೀಲಾ?"

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದವನ್ನು ನಾನು ನಿಂತ ನಿಲುವಿನಲ್ಲಿ ಕೆಡವುತ್ತಿದ್ದೆ. ಇಲ್ಲೂ ಕೆಡವಿದೆ. ವಾದದಲ್ಲಿ ನಾನು ಗೆದ್ದೆ, ರೌಟರ್ ಟಾಕಿಯ ಮೇಲೇ ಕುಳಿತಿತು!

ಮುಂದೆ ತಂತಿ. ಗೌಂಡಿಗಳು ಮಟ್ಟ ನೋಡುವ ನೀರು ತುಂಬಿದ ಪೈಪು ತಂದು, ಕಾಕಾ ಮಾಳಿಗೆಯಿಂದ ಮಾಳಿಗೆಗೆ ಇಳಿಜಾರು ಅಳೆದ. ತಂತಿ ಜೋತುಬಿದ್ದಲ್ಲೆಲ್ಲ ಬಿದಿರಿನ ಗಳ ಕೊಟ್ಟ. ಯಾಕೆಂದರೆ, "ತಗ್ಗಿನ್ಯಾಗ ನೆಟ್ ನಿಂತ ಕೊಳೀತೈತಿ." ಕೊಳೆತ ನೆಟ್ಟನ್ನು ನಾನಂತೂ ನೋಡಿಲ್ಲ. ಪಾಚಿ ಕಟ್ಟುತ್ತದೆಯೋ ಏನೋ! ಸಂಜೆ ಗುಬ್ಬಿಗಳು ಬಂದು ಆ ತಂತಿಯ ಮೇಲೆ ಸಾಲಾಗಿ ಕೂರುತ್ತಿದ್ದವು. ಕಾಕಾ ಗೋಡೆಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ಏನೋ ಹರಿಯುವುದನ್ನು ಕೇಳುವವನಂತೆ ಸುಮ್ಮನೆ ಕೂರುತ್ತಿದ್ದ. ಒಮ್ಮೊಮ್ಮೆ ನನಗೂ ಕೇಳಿಸಿದಂತಾಗುತ್ತಿತ್ತು. ಇದನ್ನು ಅವನಿಗೆ ಹೇಳಲಿಲ್ಲ, ವಾದ ಕೈಬಿಟ್ಟುಹೋಗುತ್ತಿತ್ತಲ್ಲ!

ಎಲ್ಲ ಆದ ಮೇಲೆ ರೌಟರಿನಿಂದ ನಮ್ಮ ಮನೆಯೊಳಕ್ಕೆ ಇಳಿದ ತಂತಿಯನ್ನೇ ಕಿತ್ತಿಟ್ಟ.

"ಕಡೇ ಹೊಲಕ್ಕ ಮೊದಲ ಪಾಳಿ. ಮ್ಯಾಲಿನಾವ ಮೊದಲ ಕುಡದ್ರ ಕೆಳಗಿನಾವಗ ಕೆಸರ ಉಳೀತೈತಿ. ಅಕ್ಕಗ ಆಗೂಮಟ ನಿಮಗಿಲ್ಲ."

ತೊಡಕು ಇದ್ದದ್ದೇ ಅಲ್ಲಿ. ಅತ್ತೆ ಹೇಳಿಬಿಟ್ಟಿದ್ದಳು: "ಅವನ ನೀರೂ ಬ್ಯಾಡ, ನೆಟ್ಟೂ ಬ್ಯಾಡ."

ನಮ್ಮ ಹಳೆಯ ಊರು ಕೃಷ್ಣೆಯ ದಂಡೆಗಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು, ಜೊತೆಗೆ ಅತ್ತೆಯ ತವರುಮನೆಯೂ. ತಮ್ಮ ನೀರಾವರಿ ನೌಕರ. ಅತ್ತೆಗೆ ಅಷ್ಟೇ ಸಾಕಾಯಿತು. "ನಮ್ಮವ್ವನ ಮನಿ ಮ್ಯಾಲ ನೀರ ಬಿಟ್ಟಾವ ಇವನ!" ಅಣೆಕಟ್ಟೇ ಬೇರೆ, ಕಾಕಾನ ಕಾಲುವೆಯೇ ಬೇರೆ ಎಂದು ನಾನು ಬಿಡಿಸಿ ಬಿಡಿಸಿ ವಾದಿಸಿದ್ದೆ. "ನಿನ್ನ ಮಾತ ಖರೆ ಇರಬಹುದು ತಮ್ಮಾ. ಮನಿ ಮುಳಗಿದ್ದೂ ಖರೆ," ಎಂದಿದ್ದಳು. ಊರು ಮುಳುಗಿದಂದಿನಿಂದ, ಬಂದವರಿಗೆಲ್ಲ ಮೊದಲು ತಂಬಿಗೆಯಲ್ಲಿ ನೀರು ಕೊಡುವ ಆ ಮನೆಯಲ್ಲಿ ಕಾಕಾನೊಬ್ಬನಿಗೆ ತಂಬಿಗೆ ಹೊರಬರುತ್ತಿರಲಿಲ್ಲ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕುಳಿತು, ಬಾಯಿ ಒಣಗಿಸಿಕೊಂಡು ಎದ್ದುಬರುತ್ತಿದ್ದ. ಟಾಕಿ, ಗಳ, ಇಳಿಜಾರು, ಇಷ್ಟೆಲ್ಲ ಸರ್ಕಸ್ಸು ಆ ಕಟ್ಟೆ ದಾಟುವುದಕ್ಕೇ!

ಒಂದು ಮಧ್ಯಾಹ್ನ ನಾನು ಲ್ಯಾಪ್‌ಟಾಪು ಹಿಡಿದು ಅತ್ತೆಯ ಪಡಸಾಲೆಗೆ ಹೋದೆ. ಕಾಕಾ ತಂತಿಯ ತುದಿಯನ್ನು ಕಿಟಕಿಯೊಳಗೆ ತೂರಿಸಿ ನಮ್ಮ ಮಾಳಿಗೆಗೆ ಓಡಿದ.

"ನೀ ಕೂಡಪಾ," ಎಂದಳು ಅತ್ತೆ. "ಅವ ಹೊರಗ ಇರಲಿ."

ಟಾಕಿಯ ಮೇಲಿಂದ ಕಾಲುವೆ ದಂಡೆಯ ಕೂಗು ಕೇಳಿಸಿತು: "ಬಿಟ್ಟೇನಿ! ಬಂತೇನ್ಲೇ?"

"ಬಂತೋ ಕಾಕಾ!"

ಏದುಸಿರು ಬಿಡುತ್ತ ಬಂದವನು ಹೊಸ್ತಿಲಾಚೆಯೇ ನಿಂತ. "ಆಕಾಶದಿಂದ ತಗದ ನಕ್ಷಾ ಇರತೈತಲ್ಲಾ, ಅದರಾಗ ನಮ್ಮೂರ ತೋರಸು."

ಪರದೆ ತುಂಡುತುಂಡಾಗಿ, ನಿಧಾನವಾಗಿ ತುಂಬಿತು. ನೀಲಿ, ಪಕ್ಕದಲ್ಲಿ ನೀಲಿ, ಅದರ ಕೆಳಗೂ ನೀಲಿ. ಒಲೆಯ ಮುಂದಿನಿಂದ ಎದ್ದುಬಂದ ಅತ್ತೆ ಬಗ್ಗಿದಳು.

"ಬರೇ ನೀರ ಐತಲ್ಲೋ."

ಕಾಕಾ ಹೊಸ್ತಿಲು ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ. ನೀಲಿಯ ಮೇಲೆ ಬೆರಳಿಟ್ಟ. "ಇಲ್ಲೆ ನಮ್ಮ ಹುಣಸಿಗಿಡ. ಇಲ್ಲೆ ಅವ್ವ ಕೂಡತಿದ್ದ ಕಟ್ಟಿ. ಇದ ಬಚ್ಚಲಾ, ನೀ ಜಾರಿ ಬಿದ್ದಿದ್ದಿ."

"ಜಾರಿ ಬಿದ್ದಾವ ನೀನ. ಬಚ್ಚಲಾ ಅಲ್ಲೆ ಅಲ್ಲಲೋ ಹುಚ್ಚಾ, ಈ ಕಡೆ!" ಅತ್ತೆ ಅವನ ಬೆರಳು ಹಿಡಿದು ಸರಿಸಿದಳು.

ಆ ಒಂದು ಬೆರಳಿನ ಕೆಳಗೆ ಇಡೀ ಊರೇ ಅಡಗುತ್ತದೆ, ಬಚ್ಚಲಿನ ಪ್ರಶ್ನೆ ಎಲ್ಲಿ ಬಂತು ಎಂದು ವಾದಿಸಬಹುದಿತ್ತು. ಬದಲಿಗೆ ಪರದೆಯನ್ನು ಅವರತ್ತ ಇನ್ನಷ್ಟು ತಿರುಗಿಸಿದೆ. ಇಬ್ಬರೂ ಆ ನೀಲಿಯಲ್ಲಿ ಬಾಗಿಲು ತೆರೆದರು, ದೀಪ ಹಚ್ಚಿದರು, ಎಮ್ಮೆ ಕಟ್ಟಿದರು, ಜಗಳಾಡಿದರು.

ಆಮೇಲೆ ಅತ್ತೆ ಒಳಗೆ ಹೋದಳು. ಬಂದಾಗ ಕೈಯಲ್ಲಿ ತಂಬಿಗೆಯಿತ್ತು, ಅಂಚಿನವರೆಗೂ ತುಂಬಿತ್ತು.

"ತಗೋ," ಎಂದಳು. "ಈಗ ನೀರ ಬಿಡೂ ಪಾಳಿ ನಂದು."